ಓದುಗರ ಪ್ರಶ್ನೆ: 29–4 ಆದರೂ ಆಟ ನಿಲ್ಲಿಸಲಿಲ್ಲವೇಕೆ?

ಪ್ರಶ್ನೆ: 1950ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ಸೇಂಟ್ ಲೂಯಿಸ್ ಬ್ರೌನ್ಸ್ ವಿರುದ್ಧ 29–4ರಿಂದ ಗೆದ್ದಿತಂತೆ. ಅಷ್ಟು ಅಂತರವಿದ್ದರೂ ಪಂದ್ಯ ಮುಂದುವರಿಸಿದ್ದೇಕೆ?

ಉತ್ತರ: ಅಮೆರಿಕದ ಅಗ್ರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಂತರ ಹೆಚ್ಚಾಯಿತೆಂದು ಆಟ ನಿಲ್ಲಿಸುವ ನಿಯಮವಿಲ್ಲ. ಕ್ರಿಕೆಟ್‌ನಂತೆ ಡಿಕ್ಲೇರ್ ಮಾಡುವ ಹಾಗೂ ಇಲ್ಲ. ಪ್ರತಿ ಇನಿಂಗ್ಸ್‌ನಲ್ಲೂ ಮೂವರು ಔಟಾಗುವವರೆಗೆ ಬ್ಯಾಟಿಂಗ್ ನಡೆಯಲೇಬೇಕು.

ಜೂನ್ 8ರಂದು ತವರು ಮೈದಾನ ಫೆನ್ವೇ ಪಾರ್ಕ್‌ನಲ್ಲಿ ಬೋಸ್ಟನ್ನಿನ ಬಾಬಿ ಡೋರ್ 3 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಬಾರಿಸಿ 8 ರನ್ ತಂದುಕೊಟ್ಟರು. ಹೊಡೆತಗಳಷ್ಟೇ ಬ್ರೌನ್ಸ್ ತಂಡವನ್ನು ಮುಳುಗಿಸಲಿಲ್ಲ. ಬ್ಯಾಟರ್ ಮುಂದಿನ ನಿಗದಿತ ಜಾಗವಾದ ಸ್ಟ್ರೈಕ್ ವಲಯದ ಹೊರಗೆ ನಾಲ್ಕು ಎಸೆತ ಹೋಗಿ, ಬ್ಯಾಟರ್ ಅವನ್ನು ಕೆಣಕದೆ ಬಿಟ್ಟರೆ ರನ್ನಿನ ಹಾದಿಯ ಮೊದಲ ನಿಲ್ದಾಣವಾದ ಮೊದಲ ಬೇಸ್ ಪುಕ್ಕಟೆ. ಬೋಸ್ಟನ್ನಿನ ಪಿಚರ್ (ಚೆಂಡು ಎಸೆಯುವವ) ಚಕ್ ಸ್ಟಾಬ್ಸ್‌ಗೇ ಅದು ನಾಲ್ಕು ಸಲ ಸಿಕ್ಕಿತು! ಆಗ ಪಿಚರ್‌ಗಳೂ ಬ್ಯಾಟ್ ಮಾಡುತ್ತಿದ್ದರು, ಆದರೆ ಸಾಮಾನ್ಯವಾಗಿ ದುರ್ಬಲ ಬ್ಯಾಟರ್‌ಗಳು. ಅವರನ್ನು ಔಟ್ ಮಾಡಲಾಗದಿದ್ದರೆ ಇನಿಂಗ್ಸ್ ಮುಗಿಯುವುದೇ ಇಲ್ಲ.

ಆತಿಥೇಯರು ಎರಡನೆಯದಾಗಿ ಬ್ಯಾಟ್ ಮಾಡುವುದರಿಂದ, ಮುನ್ನಡೆಯಲ್ಲಿದ್ದರೆ ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಮಾಡುವಂತಿಲ್ಲ. ಹಾಗಾಗಿ 29 ರನ್ ಬಂದದ್ದು ಎಂಟೇ ಇನಿಂಗ್ಸ್‌ಗಳಲ್ಲಿ. ಹಿಂದಿನ ದಿನವೂ ಬೋಸ್ಟನ್ ಇದೇ ಬ್ರೌನ್ಸ್ ತಂಡವನ್ನು 20–4ರಿಂದ ಸೋಲಿಸಿತ್ತು.