ಆ ಇನ್ನೊಬ್ಬ ಎಲ್ಲಿ ಹೋದ?

(ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿದ್ದ ರೋಮ್ ಕಥೆಯನ್ನು ಸಾಗರದ ಕಡೆಯ ಓದುಗರೊಬ್ಬರು ಏಳು ವರ್ಷದ ಮೊಮ್ಮಗಳಿಗೆ ಓದಿ ಹೇಳಿದರಂತೆ. ‘ತೋಳ ಹಾಲು ಕೊಟ್ಟಿದ್ದು ಇಬ್ಬರಿಗೆ, ಊರು ಕಟ್ಟಿದ್ದು ಒಬ್ಬ. ಇನ್ನೊಬ್ಬ ಎಲ್ಲಿ ಹೋದ?’ ಎಂದು ಮಗು ಕೇಳಿತಂತೆ. ಜೊತೆಗೆ ಅಜ್ಜಿಯ ಪ್ರಶ್ನೆಯೂ ಇದೆ: ಕದಂಬರು ಯಾರೆಂದೇ ತಿಳಿಯದ ಮಗುವಿಗೆ ರೋಮ್ ಯಾಕೆ ಬೇಕು?)

ನಮಸ್ಕಾರ ಅಮ್ಮಾ,

ಮೊಮ್ಮಗಳು ನನ್ನ ಕಳ್ಳತನ ಹಿಡಿದಿದ್ದಾಳೆ. ಇನ್ನೊಬ್ಬನನ್ನು ಮಾಯ ಮಾಡಿದವನು ನಾನೇ. ಲೇಖಕರು ಬರೆದುಕೊಟ್ಟಿದ್ದರು, ಮಲಗುವ ಹೊತ್ತಿನ ಕಥೆಯಲ್ಲಿ ಕೊಲೆ ಬೇಡ ಎಂದು ನಾನು ಕತ್ತರಿ ಆಡಿಸಿದೆ. ನಡೆದದ್ದಿಷ್ಟು: ರೋಮ್ಯುಲಸ್ ಹೊಸ ಊರಿಗೆ ಗೋಡೆ ಎಬ್ಬಿಸುತ್ತಿದ್ದ. ಅವಳಿ ಸೋದರ ರೀಮಸ್ ಅಣಕಿಸುತ್ತ ಅದನ್ನು ಜಿಗಿದು ದಾಟಿದ. ಸಿಟ್ಟಿನಲ್ಲಿ ರೋಮ್ಯುಲಸ್ ಅವನನ್ನು ಕೊಂದುಹಾಕಿದ. ತಮ್ಮ ಊರಿನ ಮೂಲಪುರುಷನ ಈ ಪಾಪವನ್ನು ರೋಮನ್ನರು ಮುಚ್ಚಿಡಲಿಲ್ಲ, ತಲೆಮಾರುಗಳ ಕಾಲ ಹೇಳಿಕೊಂಡೇ ಬಂದರು. ಕಂಸನ ಕಥೆ ಹೇಳುತ್ತಲೇ ತುತ್ತು ತಿನ್ನಿಸುವ ನಾಡಿನಲ್ಲಿ ಕೂತು ನನಗೇಕೆ ಅಷ್ಟು ಅಳುಕು ಬಂತೋ!

ಅವಳಿಗೆ ಇನ್ನೂ ಒಂದು ಮಾತು ಹೇಳಿ. ಇದು ದಂತಕಥೆ. ಊರು ಹುಟ್ಟಿದ್ದು ಕ್ರಿ.ಪೂ. 753ರಲ್ಲಿ ಎಂಬುದೂ ರೋಮನ್ನರು ಎಷ್ಟೋ ಶತಮಾನ ಕಳೆದ ಮೇಲೆ ಹಾಕಿದ ಲೆಕ್ಕ. ಅಲ್ಲಿನ ಪ್ಯಾಲಟೈನ್ ಗುಡ್ಡ ಅಗೆದವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಆ ಕಾಲದ ಗುಡಿಸಲುಗಳ ಗುರುತು, ಕಂಬ ನೆಟ್ಟ ಗುಳಿಗಳು. ‘ಇದು ಅವರು ಹೇಳಿದ್ದು, ಇದು ನೆಲದಲ್ಲಿ ಸಿಕ್ಕಿದ್ದು’ ಎಂದರೆ ಏಳು ವರ್ಷದವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ರೋಮ್ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಇದೆಯಲ್ಲ! ಜುಲೈ ಎಂದರೆ ಜೂಲಿಯಸ್ ಸೀಸರ್, ಆಗಸ್ಟ್ ಎಂದರೆ ಅಗಸ್ಟಸ್. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂದು ಹೇಳಿಸಿ, ಪಕ್ಕದಲ್ಲೇ ಸಪ್ತ, ಅಷ್ಟ, ನವ, ದಶ ಎನ್ನಿಸಿ, ಕಿವಿ ನೆಟ್ಟಗಾಗುತ್ತದೆ. ಹಳೆಯ ರೋಮಿನಲ್ಲಿ ವರ್ಷ ಶುರುವಾಗುತ್ತಿದ್ದುದು ಮಾರ್ಚ್‌ನಲ್ಲಿ, ಹಾಗಾಗಿ ಸೆಪ್ಟೆಂಬರ್ ಏಳನೆಯದು. (ಅವರು ನಮ್ಮಿಂದ ಕದ್ದರು ಎಂಬ ವಾಟ್ಸಾಪ್ ಸಂದೇಶವನ್ನು ಮಾತ್ರ ನಂಬಬೇಡಿ. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದ ದಾಯಾದಿಗಳು, ಅಷ್ಟೆ.)

ಕದಂಬರನ್ನು ಬಿಟ್ಟೆವೆಂದು ಬೇಸರಿಸಬೇಡಿ. ಚಿತ್ರದುರ್ಗದ ಚಂದ್ರವಳ್ಳಿಗೆ ಯಾವಾಗಲಾದರೂ ಅವಳನ್ನು ಕರೆದುಕೊಂಡು ಹೋಗಿ. ಕೆರೆಯ ವಿಷಯ ಹೇಳುವ ಕದಂಬ ಮಯೂರಶರ್ಮನ ಬಂಡೆ ಶಾಸನ ಅಲ್ಲಿದೆ. ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದ್ದೂ ಅದೇ ಚಂದ್ರವಳ್ಳಿಯ ನೆಲದಲ್ಲಿ. ಆ ನಾಣ್ಯದ ಹೆಸರು ಡಿನೇರಿಯಸ್. ಸಂಸ್ಕೃತದ ‘ದೀನಾರ’ ಬಂದದ್ದು ಅದರಿಂದ. ನಮ್ಮ ಮೆಣಸಿಗೂ ಬಟ್ಟೆಗೂ ರೋಮಿನ ಹಣವೆಲ್ಲ ಹರಿದುಹೋಗುತ್ತಿದೆ ಎಂದು ಪ್ಲಿನಿ ಎಂಬ ಪಂಡಿತ ಗೊಣಗಿಕೊಂಡಿದ್ದಾನೆ: ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ!

ಗುಲಾಮರ ಬಗ್ಗೆಯೂ ಮಕ್ಕಳಿಗೆ ಹೇಳಬೇಕೇ ಎಂದು ನಮ್ಮ ಕಚೇರಿಯಲ್ಲೇ ಜಗಳವಾಗಿದೆ. ಹೇಳಬೇಕು ಎಂಬ ಪಕ್ಷ ನನ್ನದು. ಆದರೆ ಕತ್ತಿಯಾಳುಗಳ ಕಾಳಗದಿಂದ ಶುರು ಮಾಡುವುದು ಬೇಡ, ಶಾಲೆಯಿಂದ ಮಾಡೋಣ. ಉಳ್ಳವರ ಮನೆಯ ಹುಡುಗ ಮೇಣ ಸವರಿದ ಮರದ ಹಲಗೆ ಹಿಡಿದು ಪಾಠಕ್ಕೆ ಹೋಗುತ್ತಿದ್ದ. ಬರೆಯುವ ಕಡ್ಡಿಯ ಒಂದು ತುದಿ ಚೂಪು, ಇನ್ನೊಂದು ಚಪ್ಪಟೆ. ತಪ್ಪಾದರೆ ಚಪ್ಪಟೆ ತುದಿಯಿಂದ ಮೇಣ ಸವರಿ ಅಳಿಸುವುದು. ಅವನ ಜೊತೆಗೆ ಒಬ್ಬ ದೊಡ್ಡವನು ಶಾಲೆಯವರೆಗೆ ಬರುತ್ತಿದ್ದ, ಪಾಠವಾಗುವ ತನಕ ಕಾದಿದ್ದು ಮನೆಗೆ ಕರೆತರುತ್ತಿದ್ದ. ಅವನೇ ಗುಲಾಮ. ಆ ಮನೆಯವರು ದುಡ್ಡು ಕೊಟ್ಟು ಕೊಂಡವನು, ಅಥವಾ ಅಲ್ಲೇ ಗುಲಾಮನಾಗಿ ಹುಟ್ಟಿದವನು. ಇಷ್ಟು ಹೇಳಿ ಸುಮ್ಮನಾಗಿ. ‘ಅವನ ಮನೆ ಎಲ್ಲಿ?’ ಎಂದು ಮೊಮ್ಮಗಳು ಕೇಳಿಯೇ ಕೇಳುತ್ತಾಳೆ.

ಬರುವ ಸಂಚಿಕೆಯಲ್ಲಿ ರೀಮಸ್ ವಾಪಸು ಬರುತ್ತಾನೆ, ಪೂರ್ತಿ ಕಥೆಯೊಂದಿಗೆ. ಅಲ್ಲಿಯವರೆಗೆ ಅವಳಿಗೊಂದು ರೋಮನ್ ಆಟ. ಮೂರು ಅಕ್ರೋಟು ಕೆಳಗೆ ಜೋಡಿಸಿ, ಮೇಲೊಂದು ಕೂರಿಸಿ, ದೂರದಿಂದ ಇನ್ನೊಂದನ್ನು ಎಸೆದು ಆ ಗೋಪುರ ಬೀಳಿಸಬೇಕು. ನಮ್ಮ ಲಗೋರಿಯ ಪುಟ್ಟ ತಂಗಿ. ರೋಮನ್ ಮಕ್ಕಳು ಇದನ್ನೆಷ್ಟು ಆಡುತ್ತಿದ್ದರೆಂದರೆ, ದೊಡ್ಡವನಾದ ಎನ್ನಲು ‘ಅಕ್ರೋಟಿನ ಆಟ ಬಿಟ್ಟ’ ಎನ್ನುತ್ತಿದ್ದರು. ಅಕ್ರೋಟು ದುಬಾರಿಯಾದರೆ ನಿಮ್ಮ ಅಂಗಳದ ಸಿಪ್ಪೆಗೋಟು ಅಡಿಕೆ ಸಾಕು. ಎಷ್ಟನೆಯ ಎಸೆತಕ್ಕೆ ಬಿತ್ತೆಂದು ಅವಳ ಕೈಯಲ್ಲೇ ಬರೆಸಿ ಕಳಿಸಿ.

– ಸಂಪಾದಕ