ತರಬೇತಿ ಆಟದ ಬಯಲಲ್ಲೇ ಆಗಲಿ

ಅಕ್ಕೋರೇ, ಹೊನ್ನಾವರದ ನಿಮ್ಮ ಶಾಲೆಯ ಶಿಕ್ಷಕರಿಗೆ ಆಟದ ಬಯಲಿನ ಸುರಕ್ಷತೆ ಬಗ್ಗೆ ಅರ್ಧ ದಿನದಲ್ಲಿ ಏನು ಕಲಿಸಬಹುದು ಅಂತ ಕೇಳಿದ್ದೀರಿ. ಪ್ರೊಜೆಕ್ಟರ್ ಬಿಡಿ, ಎಲ್ಲರನ್ನೂ ಬಯಲಿಗೇ ಕರೆದುಕೊಂಡು ಹೋಗಿ.

ಬಿಡುವಿನ ಹೊತ್ತಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಇಬ್ಬರು ಶಿಕ್ಷಕರೂ ಒಂದೇ ಕಡೆ ನಿಂತು ಹರಟುವುದು ಇರುತ್ತದಲ್ವಾ, ಮೊದಲು ಅದನ್ನು ಬಿಡಿಸಿ. ಒಬ್ಬರು ಜಾರುಬಂಡೆ ಹತ್ತಿರ, ಇನ್ನೊಬ್ಬರು ಗೇಟಿನ ಕಡೆ.

ಆಮೇಲೆ ನೆಲ ತೋರಿಸಿ. ಜಾಸ್ತಿ ಪೆಟ್ಟಾಗುವುದು ಬಿದ್ದಾಗಲೇ. 4 ಅಡಿ ಎತ್ತರದ ಆಟಿಕೆಯ ಕೆಳಗೆ ಕನಿಷ್ಠ 9 ಇಂಚು ಸಡಿಲ ಮರಳು ಬೇಕು. ನಮ್ಮ ಕರಾವಳಿ ಮಳೆಗೆ ಅದು ಕೊಚ್ಚಿ ಹೋಗುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಕೆದಕಿ, ಮತ್ತೆ ತುಂಬಿಸಬೇಕು. ಚಿರೆಕಲ್ಲಿನ ಮೆಟ್ಟಿಲಿಗೆ ಪಾಚಿ ಹಿಡಿದರೆ ಸುಮ್ನೆ ಎಚ್ಚರಿಕೆ ಹೇಳಿ ಪ್ರಯೋಜನವಿಲ್ಲ, ಉಜ್ಜಿಸಿ.

ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ಮಂಪರಾದರೆ ತಕ್ಷಣ 108. ಕುತ್ತಿಗೆ ನೋವು ಅಂದರೆ ಎತ್ತಬಾರದು.