ವೆಸ್ಟೆರೋಸ್‌ನಲ್ಲಿ ‘ವಾರ್ಡನ್’ ಎಂಬುದು ಬರೀ ಬಿರುದೇ?

ಶಾಂತಿಕಾಲದಲ್ಲಿ ಹೆಚ್ಚುಕಡಿಮೆ ಬಿರುದೇ. ‘ಗೇಮ್ ಆಫ್ ಥ್ರೋನ್ಸ್’ ಲೋಕದ ಈ ರಾಜ್ಯಕ್ಕೆ ದಿಕ್ಕಿಗೊಬ್ಬ ವಾರ್ಡನ್: ಉತ್ತರಕ್ಕೆ ಸ್ಟಾರ್ಕ್, ಪೂರ್ವಕ್ಕೆ ಆರಿನ್, ಪಶ್ಚಿಮಕ್ಕೆ ಲ್ಯಾನಿಸ್ಟರ್, ದಕ್ಷಿಣಕ್ಕೆ ಟೈರೆಲ್ ಮನೆತನ. ಯುದ್ಧ ಬಂದರೆ ಆ ದಿಕ್ಕಿನ ಸೇನೆಗೆ ಅವರೇ ದಂಡನಾಯಕರು. ರೂಢಿಯಲ್ಲಿ ವಂಶಪಾರಂಪರ್ಯ, ಆದರೆ ಕೊಡುವ ಕೈ ದೊರೆಯದು.

1996ರ ಮೊದಲ ಕಾದಂಬರಿಯಲ್ಲಿ ಜಾನ್ ಆರಿನ್ ತೀರಿಕೊಂಡಾಗ ಮಗನಿಗೆ ಆರು ವರ್ಷ. ಇಷ್ಟು ಚಿಕ್ಕವನು ದಂಡು ನಡೆಸುವುದುಂಟೇ ಎಂದು ರಾಬರ್ಟ್ ದೊರೆ ಆ ಪದವಿಯನ್ನು ಜೇಮಿ ಲ್ಯಾನಿಸ್ಟರ್‌ಗೆ ಕೊಡಲು ಹೊರಡುತ್ತಾನೆ. ಶಾಂತಿಯಲ್ಲಿ ಇದು ಗೌರವ ಮಾತ್ರ, ಹುಡುಗನಿಗೇ ಇರಲಿ ಎನ್ನುತ್ತಾನೆ ನೆಡ್ ಸ್ಟಾರ್ಕ್. ಅವನ ಅಂಜಿಕೆ ನನಗೆ ಪೂರ್ತಿ ಸರಿ ಕಾಣುತ್ತದೆ: ಪಶ್ಚಿಮ ಆಗಲೇ ಜೇಮಿಯ ತಂದೆ ಟೈವಿನ್ ಕೈಯಲ್ಲಿದೆ, ಪೂರ್ವವೂ ಸೇರಿದರೆ ರಾಜ್ಯದ ಅರ್ಧ ಸೇನೆ ಲ್ಯಾನಿಸ್ಟರ್‌ಗಳದು.